ಗಲಾಟೆ ಎಂದರೆ ಎಷ್ಟು?

“ಬಿ.ಸಿ.ರೋಡಲ್ಲಿ ಗಲಾಟೆಯಂತೆ.” ಗುರುವಾಯನಕೆರೆಯ ಪೇಟೆಯಲ್ಲಿ ನಿಂತವರ ಕಿವಿಗೆ ಈ ಮಾತು ವರ್ಷಕ್ಕೆ ಹಲವು ಸಲ ಬೀಳುತ್ತದೆ. ತುಳುವಿನಲ್ಲಾದರೆ “ಅಲ್ಪ ಗಲಾಟೆ ಆತ್ಂಡ್‌ಗೆ.” ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 73 ಈ ಪೇಟೆಯ ಮೂಲಕ ಬೆಳ್ತಂಗಡಿಗೆ ಹೋಗುತ್ತದೆ. ವೇಣೂರು, ಮೂಡುಬಿದಿರೆ, ಕಾರ್ಕಳದ ದಾರಿ ಇಲ್ಲಿ ಕವಲೊಡೆಯುತ್ತದೆ. ಹಾಗಾಗಿ ಯಾವ ದಿಕ್ಕಿನಲ್ಲಿ ಏನೇ ಆದರೂ ಮಗಳನ್ನು ಕಾಲೇಜಿಗೆ ಕಳಿಸುವುದೋ ಬೇಡವೋ, ಅಂಗಡಿಯ ಬಾಗಿಲು ಎಳೆಯುವುದೋ, ಸಂಜೆಯ ಬಸ್ಸು ಸಿಗುತ್ತದೋ ಎಂಬ ಲೆಕ್ಕಾಚಾರ ಇಲ್ಲಿ ಶುರುವಾಗುತ್ತದೆ. ಲೆಕ್ಕ ಹಾಕಲು ಕೈಯಲ್ಲಿರುವುದು ಮಾತ್ರ ‘ಗಲಾಟೆ’ ಎಂಬ ಒಂದೇ ಪದ.

ಆ ಪದಕ್ಕೆ ಅಳತೆಯಿಲ್ಲ. ರಿಕ್ಷಾ ನಿಲ್ದಾಣದಲ್ಲಿ ಇಬ್ಬರು ಮಾತಿಗೆ ಮಾತು ಬೆಳೆಸಿದರೂ ಗಲಾಟೆ, ನಿಷೇಧಾಜ್ಞೆ ಹೇರುವಂಥದ್ದು ನಡೆದರೂ ಗಲಾಟೆ. ಕನ್ನಡದಲ್ಲಿ ಅಶಾಂತಿಗೆ ಬೇರೆ ಬೇರೆ ಪದಗಳಿವೆ, ಒಂದೊಂದಕ್ಕೂ ಅದರದೇ ತೂಕವಿದೆ. ಜನ ಯಾವುದನ್ನು ಎಲ್ಲಿ ಬಳಸುತ್ತಾರೆ, ಪತ್ರಿಕೆ ಯಾವುದನ್ನು ಆರಿಸುತ್ತದೆ, ಪೊಲೀಸ್ ಠಾಣೆಯ ಮೇಜಿನ ಮೇಲೆ ಅದು ಏನಾಗಿ ಬದಲಾಗುತ್ತದೆ ಎಂದು ತಿಳಿದಿದ್ದರೆ ಕೇಳಿದ ಸುದ್ದಿಯ ಅಂದಾಜು ಸಿಗುತ್ತದೆ.

ಮಕ್ಕಳ ಗಲಾಟೆಯಿಂದ ಕಾವೇರಿ ಗಲಾಟೆಯವರೆಗೆ

ಗಲಾಟೆಯ ಮೊದಲ ಅರ್ಥ ಸದ್ದು. “ಗಲಾಟೆ ಮಾಡಬೇಡಿ” ಎಂದು ಟೀಚರು ಹೇಳಿದರೆ ಸುಮ್ಮನಿರಿ ಎಂದಷ್ಟೇ ಅರ್ಥ. ಎರಡನೆಯದು ಜಗಳ: “ನಿನ್ನೆ ಅವರ ಮನೆಯಲ್ಲಿ ದೊಡ್ಡ ಗಲಾಟೆ.” ಮೂರನೆಯದು ತಕರಾರು: “ದುಡ್ಡಿನ ವಿಷಯಕ್ಕೆ ಗಲಾಟೆ ಆಗಿದೆ” ಎಂದಾಗ ಯಾರೂ ದನಿ ಎತ್ತಿರಬೇಕೆಂದಿಲ್ಲ. ನಾಲ್ಕನೆಯದು ಊರಿಗೆ ಊರೇ ಕದಡುವಂಥದ್ದು. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ನೀರಿನ ವಿಷಯಕ್ಕೆ ಬೆಂಗಳೂರಿನಲ್ಲಿ ವಾಹನಗಳು ಹೊತ್ತಿ ಉರಿದದ್ದನ್ನು ಜನ ಇಂದಿಗೂ ‘ಕಾವೇರಿ ಗಲಾಟೆ’ ಎನ್ನುತ್ತಾರೆ.

ಪದದಲ್ಲಿ ಸ್ವಲ್ಪ ಮೋಜೂ ಸೇರಿಕೊಂಡಿದೆ. 1977ರಲ್ಲಿ ‘ಗಲಾಟೆ ಸಂಸಾರ’, 2000ದಲ್ಲಿ ‘ಗಲಾಟೆ ಅಳಿಯಂದ್ರು’ ಎಂಬ ಚಿತ್ರಗಳು ಬಂದವು. ಆ ಜಾಗದಲ್ಲಿ ‘ದೊಂಬಿ ಅಳಿಯಂದ್ರು’ ಎಂದು ಹಾಕಿ ನೋಡಿ, ನಗು ಬರುವುದಿಲ್ಲ. ಗಲಾಟೆ ಮುಗಿದ ಮೇಲೆ ರಾಜಿಯಾಗಬಹುದು, ಊಟಕ್ಕೆ ಕೂರಬಹುದು ಎಂಬ ಭರವಸೆ ಪದದೊಳಗೇ ಇದೆ. ಅದಕ್ಕೇ ದೊಡ್ಡ ಅನಾಹುತವನ್ನು ಸಣ್ಣದಾಗಿ ಹೇಳಬೇಕಾದಾಗಲೂ ಬಾಯಿಗೆ ಬರುವುದು ಇದೇ ಪದ.

ಕರಾವಳಿಯಲ್ಲಿ ಇದರ ಕೆಲಸವನ್ನು ಹಂಚಿಕೊಳ್ಳುವ ಇನ್ನೆರಡು ಪದಗಳಿವೆ. ಬರೀ ಸದ್ದಾದರೆ ‘ಬೊಬ್ಬೆ’: ವೇಣೂರು ಕಂಬಳದಲ್ಲಿ ಕೋಣ ಓಡುವಾಗ ಕೇಳುವುದು ಬೊಬ್ಬೆ, ಅದನ್ನು ಗಲಾಟೆ ಎಂದು ಯಾರೂ ಹೇಳುವುದಿಲ್ಲ. ಕೈಮಿಲಾಯಿಸಿದ್ದಾದರೆ ‘ಲಡಾಯಿ’. “ಗಲಾಟೆ ಅಲ್ಲ ಮಾರಾಯ್ರೆ, ಬರೀ ಬೊಬ್ಬೆ” ಎಂದು ಯಾರಾದರೂ ತಿದ್ದಿದರೆ, ಕೇಳಿದವರು ನೆಮ್ಮದಿಯಿಂದ ಬಸ್ಸು ಹತ್ತಬಹುದು.

ಪತ್ರಿಕೆಯ ಮೆಟ್ಟಿಲುಗಳು

ಕನ್ನಡ ಪತ್ರಿಕೆಯ ವರದಿಗಾರರು ವರ್ಷಗಟ್ಟಲೆ ಬಳಸಿ ನಯಗೊಳಿಸಿದ ಒಂದು ಏಣಿ ಇದೆ. ಓದುವವರು ಗಮನಿಸದಿದ್ದರೂ ಬರೆಯುವವರು ಅದರ ಮೆಟ್ಟಿಲು ತಪ್ಪಿಸುವುದು ಕಡಿಮೆ.

ಮೊದಲ ಮೆಟ್ಟಿಲು ‘ಮಾತಿನ ಚಕಮಕಿ’: ಬಾಯಿ ಮಾತ್ರ, ಕೈ ಇಲ್ಲ. ಎರಡನೆಯದು ‘ತಳ್ಳಾಟ, ನೂಕಾಟ’: ಮೈಗೆ ಮೈ ತಾಗಿದೆ, ಪೆಟ್ಟು ಬಿದ್ದಿಲ್ಲ. ‘ಕೈ ಕೈ ಮಿಲಾಯಿಸಿದರು’ ಎಂದರೆ ಪೆಟ್ಟು ಬಿದ್ದಿದೆ, ಆಸ್ಪತ್ರೆಗೆ ಹೋದವರಿಲ್ಲ. ‘ಹೊಡೆದಾಟ’ ಎಂದರೆ ಯಾರೋ ಆಸ್ಪತ್ರೆಯಲ್ಲಿದ್ದಾರೆ. ‘ಘರ್ಷಣೆ’ ಎಂದ ಕೂಡಲೇ ವ್ಯಕ್ತಿಗಳು ಹಿಂದೆ ಸರಿದು ಗುಂಪುಗಳು ಮುಂದೆ ಬರುತ್ತವೆ. ಇಬ್ಬರ ನಡುವೆ ಹೊಡೆದಾಟ, ಎರಡು ಬಣಗಳ ನಡುವೆ ಘರ್ಷಣೆ. ‘ಗಲಭೆ’ ಎಂದರೆ ಅದು ಒಂದು ಜಾಗದಲ್ಲಿ ನಿಲ್ಲದೆ ಬೀದಿಯಿಂದ ಬೀದಿಗೆ ಹಬ್ಬಿದೆ, ಜಗಳಕ್ಕೆ ಸಂಬಂಧವಿಲ್ಲದವರ ಅಂಗಡಿ, ಮನೆ, ವಾಹನಕ್ಕೂ ಕಲ್ಲು ಬಿದ್ದಿದೆ. ‘ಕೋಮು’ ಎಂಬ ವಿಶೇಷಣ ಗಲಭೆಗೆ ಸಹಜವಾಗಿ ಅಂಟಿಕೊಳ್ಳುತ್ತದೆ. ‘ಕೋಮು ಗಲಾಟೆ’ ಎಂದು ಬಾಯಲ್ಲಿ ಹೇಳುತ್ತೇವೆ, ಅಚ್ಚಿನಲ್ಲಿ ‘ಕೋಮು ಗಲಭೆ’ಯೇ.

ಕೆಲವು ಪದಗಳಿಗೆ ಜಾಗ ಗೊತ್ತುಮಾಡಿದಂತಿದೆ. ವಿಧಾನಸಭೆಯಲ್ಲಿ, ನಗರಸಭೆಯಲ್ಲಿ ಆಗುವುದು ‘ಗದ್ದಲ’, ಹೆಚ್ಚಾದರೆ ‘ಕೋಲಾಹಲ’. ಟಿಕೆಟ್ ಸಿಗದ ನಾಯಕ ಮಾಡುವುದು ‘ಬಂಡಾಯ’, ಪಕ್ಷದವರು ಅದನ್ನು ‘ಶಮನ’ ಮಾಡುತ್ತಾರೆ. ಸಾಲುಗಟ್ಟಿ ನಿಂತ ಜನ ತಡೆ ಕಳೆದುಕೊಂಡರೆ ‘ನೂಕುನುಗ್ಗಲು’.

ಪರಿಸ್ಥಿತಿಯ ವರ್ಣನೆಗೂ ಇದೇ ರೀತಿ ಕ್ರಮವಿದೆ. ‘ಬಿಗುವಿನ ವಾತಾವರಣ’ ಎಂದರೆ ಏನೂ ಆಗಿಲ್ಲ, ಆಗಬಹುದು. ‘ಉದ್ವಿಗ್ನ’ ಎಂದರೆ ಏನೋ ಆಗಿದೆ, ಇನ್ನೂ ಆಗಬಹುದು. ‘ಬೂದಿ ಮುಚ್ಚಿದ ಕೆಂಡ’ ಎಂದರೆ ಆಗಿ ಮುಗಿದಿದೆ, ಮತ್ತೆ ಆಗಬಹುದು. ‘ಪರಿಸ್ಥಿತಿ ನಿಯಂತ್ರಣದಲ್ಲಿದೆ’ ಎಂಬುದು ಪೊಲೀಸ್ ಅಧಿಕಾರಿಯ ಮಾತು, ವರದಿಗಾರ ಅದನ್ನು ದಾಟಿಸುತ್ತಾನೆ ಅಷ್ಟೆ. ‘ಲಘು ಲಾಠಿ ಪ್ರಹಾರ’ದ ‘ಲಘು’ ಕೂಡ ಲಾಠಿ ಹಿಡಿದವರ ಕಡೆಯ ಅಳತೆ, ಬೆನ್ನು ಕೊಟ್ಟವರದ್ದಲ್ಲ.

ದಂಗೆ ಏಳುತ್ತದೆ, ಗಲಾಟೆ ಆಗುತ್ತದೆ

ಪದದಷ್ಟೇ ಮುಖ್ಯ ಅದರ ಜೊತೆ ಬರುವ ಕ್ರಿಯಾಪದ. ಗಲಾಟೆಯನ್ನು ‘ಮಾಡ’ಬಹುದು, ‘ಎಬ್ಬಿಸ’ಬಹುದು, ಅದು ತಾನೇ ‘ಆಗ’ಲೂಬಹುದು. “ಅವನು ಗಲಾಟೆ ಮಾಡಿದ” ಎಂದರೆ ತಪ್ಪು ಅವನದು. “ಗಲಾಟೆ ಆಯಿತು” ಎಂದರೆ ಯಾರದೂ ಅಲ್ಲ, ಮಳೆ ಬಂದ ಹಾಗೆ. ನಮ್ಮವರು ತೊಡಗಿದ್ದರೆ ‘ಆಯಿತು’, ಎದುರಿನವರು ತೊಡಗಿದ್ದರೆ ‘ಮಾಡಿದರು’ ಎನ್ನುವುದು ಎಲ್ಲರ ಅಭ್ಯಾಸ.

ಗಲಭೆಗೆ ಬರುವುದು ಬೆಂಕಿಯ ಕ್ರಿಯಾಪದಗಳು: ಹೊತ್ತಿಕೊಂಡಿತು, ಭುಗಿಲೆದ್ದಿತು, ಹಬ್ಬಿತು, ತಣ್ಣಗಾಯಿತು. ಇಲ್ಲೂ ಹಚ್ಚಿದವರ ಹೆಸರಿಲ್ಲ. ವಾಕ್ಯಕ್ಕೆ ಕರ್ತೃ ಬೇಕೇ ಬೇಕೆಂದಾಗ ‘ಕಿಡಿಗೇಡಿಗಳು’ ಎಂಬ, ಗುರುತಿಲ್ಲದ ಗುಂಪು ಹಾಜರಾಗುತ್ತದೆ. ದಂಗೆಯನ್ನು ಮಾತ್ರ ಮಾಡುವುದಿಲ್ಲ, ದಂಗೆ ‘ಏಳು’ತ್ತಾರೆ. ಏಳಬೇಕಾದರೆ ಮೇಲೆ ಕುಳಿತವರು ಯಾರೋ ಇರಬೇಕು. ಅಣ್ಣತಮ್ಮಂದಿರ ನಡುವೆ ದಂಗೆಯಾಗದು. ರೈತರು, ಸಿಪಾಯಿಗಳು, ಕೈದಿಗಳು ಅಧಿಕಾರದ ವಿರುದ್ಧ ದಂಗೆ ಏಳುತ್ತಾರೆ.

ಕಾಟಕಾಯಿಗೆ ಪ್ರತಿಮೆ

ಒಂದೇ ಘಟನೆಗೆ ಎರಡು ಹೆಸರು ಬಿದ್ದರೆ ಹೆಸರಿಟ್ಟವರು ಎಲ್ಲಿ ನಿಂತಿದ್ದರೆಂದು ತಿಳಿಯುತ್ತದೆ. ಇದಕ್ಕೆ ಬಂಟ್ವಾಳ, ಸುಳ್ಯದ ಕಡೆಯ ದೊಡ್ಡ ಉದಾಹರಣೆ 1837ರದ್ದು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಯಿತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ರೈತರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿದರು, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು ಎಂದು ಹೇಳುತ್ತಾರೆ. ಸೇನೆ ಬಂದು ಹತ್ತಿಕ್ಕಿದ ಮೇಲೆ ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲೂ ಮಡಿಕೇರಿಯಲ್ಲೂ ಗಲ್ಲಿಗೇರಿಸಲಾಯಿತು.

ಇದಕ್ಕೆ ಊರಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಸುಲಿಗೆ. ಗೆದ್ದವರ ಕಡೆಯಿಂದ ಅಂಟಿದ ಬೈಗುಳ ಅಜ್ಜಂದಿರ ಬಾಯಲ್ಲಿ ಕಥೆಯ ಹೆಸರಾಗಿ ಬಂತು. ಈಗಿನ ಪುಸ್ತಕಗಳಲ್ಲಿ ಅದು ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲೇ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು.

ಅದಕ್ಕೂ ಮೊದಲು, 1830–31ರಲ್ಲಿ, ಕೆನರಾದ ರೈತರು ಕಂದಾಯದ ಹೊರೆಯ ವಿರುದ್ಧ ಗುಂಪುಗುಂಪಾಗಿ ಸೇರಿದ್ದಕ್ಕೆ ‘ಕೂಟ’ ಎಂದೇ ಹೆಸರು. ಕಂಪನಿ ಸರಕಾರಕ್ಕೆ ಕಿರಿಕಿರಿಯಾಗಿದ್ದ ಆ ಪದ ಇಂದು ತುಳು ಕೂಟ, ಕನ್ನಡ ಕೂಟ, ಸಂತೋಷಕೂಟಗಳಲ್ಲಿ ಹಾಯಾಗಿದೆ. ಅದರ ಹಳೆಯ ಮುಖ ಉಳಿದಿರುವುದು ಎಫ್‌ಐಆರ್‌ನ ‘ಅಕ್ರಮ ಕೂಟ’ದಲ್ಲಿ.

ಹೆಸರಿನ ಈ ಹಗ್ಗಜಗ್ಗಾಟ ಇತಿಹಾಸದ ಪುಟಗಳಲ್ಲಿ ಮುಗಿದುಹೋಗಿಲ್ಲ. ‘ಸಿಪಾಯಿ ದಂಗೆ’ ಪಠ್ಯದಲ್ಲಿ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ವಾಯಿತು. ‘ಬಂಡಾಯ’ವನ್ನು 1979ರಲ್ಲಿ ಸಾಹಿತಿಗಳು ತಾವಾಗಿ ಹೆಸರಾಗಿ ಇಟ್ಟುಕೊಂಡರು. ಮರುವರ್ಷ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್‌ಗೆ ರೈತರು ಬಲಿಯಾದ ಮೇಲೆ ‘ರೈತ ಬಂಡಾಯ’ ಎಂಬುದು ಗೌರವದ ಮಾತಾಯಿತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಅದನ್ನು ‘ಮಂಗಳೂರು ಗಲಭೆ’ ಎನ್ನುವವರು ಗುಂಪಿನ ಕಡೆ ನೋಡುತ್ತಿದ್ದಾರೆ, ‘ಮಂಗಳೂರು ಗೋಲಿಬಾರ್’ ಎನ್ನುವವರು ಬಂದೂಕಿನ ಕಡೆ.

ಐದು ಮಂದಿಯ ಲೆಕ್ಕ

ಕಾನೂನಿಗೆ ಗಲಾಟೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಕೇಳುವುದು, ಎಷ್ಟು ಜನ, ಎಲ್ಲಿ, ಯಾವ ಉದ್ದೇಶಕ್ಕೆ, ಬಲ ಬಳಸಿದರೇ ಎಂದು.

ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದರೆ ಕಲಂ 194: ಒಂದು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಹೊಡೆದಾಟ ಮನೆಯ ಅಂಗಳದಲ್ಲಾದರೆ ಈ ಕಲಂ ಬರುವುದಿಲ್ಲ.

ಐದು ಅಥವಾ ಹೆಚ್ಚು ಜನ ಕಾನೂನು ಒಪ್ಪದ ಉದ್ದೇಶಕ್ಕೆ ಸೇರಿದರೆ ಕಲಂ 189ರ ‘ಅಕ್ರಮ ಕೂಟ’. ಬಲಪ್ರಯೋಗದಿಂದ ಜಾಗ ಕಬಳಿಸುವುದು, ಸರಕಾರಿ ಕೆಲಸಕ್ಕೆ ತಡೆಯೊಡ್ಡುವುದು, ಒಬ್ಬನನ್ನು ಹೆದರಿಸಿ ಬೇಡದ ಕೆಲಸ ಮಾಡಿಸುವುದು, ಯಾವುದೇ ಅಪರಾಧ ಎಸಗುವುದು ಅಂಥ ಉದ್ದೇಶಗಳು. ಸಂಖ್ಯೆಯೊಂದೇ ಸಾಲದು. ಕಂಬಳಕ್ಕೆ ಸಾವಿರಾರು ಜನ ಸೇರಿದರೂ ಅದು ಅಕ್ರಮ ಕೂಟವಲ್ಲ. ಆದರೆ ಸರಿಯಾಗಿಯೇ ಸೇರಿದ ಸಭೆ ನಡುವೆ ದಾರಿ ತಪ್ಪಿದರೆ ಆ ಕ್ಷಣದಿಂದ ಅಕ್ರಮವಾಗಬಹುದು.

ಆ ಕೂಟದಲ್ಲಿ ಒಬ್ಬನಾದರೂ ಕೂಟದ ಉದ್ದೇಶಕ್ಕಾಗಿ ಬಲ ಬಳಸಿದ ಕೂಡಲೇ ಅದು ‘ದೊಂಬಿ’, ಕಲಂ 191. ಎರಡು ವರ್ಷದವರೆಗೆ ಸಜೆ, ಮಾರಕ ಆಯುಧವಿದ್ದರೆ ಐದು ವರ್ಷದವರೆಗೆ. ಕಲ್ಲು ಎಸೆದವನೊಬ್ಬನೇ ಆದರೂ ಉದ್ದೇಶ ಹಂಚಿಕೊಂಡು ಜೊತೆಗೆ ನಿಂತವರೆಲ್ಲ ಹೊಣೆ. ಬಸ್ಸಿಗಾಗಿ ಪಕ್ಕದಲ್ಲಿ ನಿಂತಿದ್ದವರು ಹೊಣೆಯಲ್ಲ, ಆದರೆ ತಾನು ಬಸ್ಸಿಗೇ ನಿಂತಿದ್ದೆ ಎಂದು ಹೇಳಬೇಕಾದ ಪಾಡು ಬರಬಹುದು.

ದೂರಿನ ಹಾಳೆಯಲ್ಲಿ

ಠಾಣೆಗೆ ಬರುವ ದೂರು ಹೆಚ್ಚಾಗಿ “ಸದರಿಯವರು ನನ್ನೊಂದಿಗೆ ಗಲಾಟೆ ಮಾಡಿರುತ್ತಾರೆ” ಎಂದಿರುತ್ತದೆ. ಇದರಿಂದ ಠಾಣಾ ಬರಹಗಾರರಿಗೆ ಏನೂ ಸಿಗುವುದಿಲ್ಲ. ಅವರು ಕೇಳಿ ಕೇಳಿ ಅದನ್ನು ಬಿಡಿಸುತ್ತಾರೆ: “ಅಕ್ರಮ ಕೂಟ ಸೇರಿಕೊಂಡು, ತಡೆದು ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ.”

ಓದುವವರಿಗೆ ಇದು ಎಲ್ಲ ಎಫ್‌ಐಆರ್‌ಗಳಲ್ಲೂ ಇರುವ ಸವಕಲು ವಾಕ್ಯ. ಆದರೆ ಅಲ್ಪವಿರಾಮಗಳ ನಡುವಿನ ಒಂದೊಂದು ತುಂಡಿಗೂ ಒಂದೊಂದು ಕಲಂ ಇದೆ. ಅಕ್ರಮ ಕೂಟ 189. ತಡೆದು ನಿಲ್ಲಿಸಿದ್ದು 126. ಬೈದು ಕೆರಳಿಸಿದ್ದು 352. ಹೊಡೆದು ನೋವು ಮಾಡಿದ್ದು 115. ಬೆದರಿಕೆ 351.

ಇದರಲ್ಲಿ ಬೈಗುಳ, ಕೈಯಿಂದಾದ ಸಣ್ಣ ಪೆಟ್ಟು ಮಾತ್ರ ಇದ್ದರೆ ಅವು ಸಾಮಾನ್ಯವಾಗಿ ಅಸಂಜ್ಞೇಯ ಅಪರಾಧಗಳು. ನ್ಯಾಯಾಲಯದ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. “ಎನ್‌ಸಿ ಆಗ್ತದೆ, ಎಫ್‌ಐಆರ್ ಆಗುವುದಿಲ್ಲ” ಎಂದು ಠಾಣೆಯಲ್ಲಿ ಹೇಳುವುದು ಇದಕ್ಕೇ. ಅಕ್ರಮ ಕೂಟ ಮತ್ತು ದೊಂಬಿ ಸಂಜ್ಞೇಯ, ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬೇಕು. ನಾಲ್ಕು ಜನರ ಹೆಸರಿನ ಮುಂದೆ “ಮತ್ತು ಇತರರು” ಎಂಬುದು ಸೇರುವ ಒತ್ತಡ ಎಲ್ಲಿಂದ ಬರುತ್ತದೆಂದು ಇದರಿಂದ ಅರ್ಥವಾಗುತ್ತದೆ. ನಾಳೆ ನ್ಯಾಯಾಲಯದಲ್ಲಿ ಆ ‘ಇತರರು’ ಯಾರು ಎಂಬ ಪ್ರಶ್ನೆ ಬಂದಾಗ ಉತ್ತರವಿಲ್ಲದಿದ್ದರೆ ದೂರಿನ ಉಳಿದ ಸತ್ಯಕ್ಕೂ ಏಟು.

ಆಗುವ ಮೊದಲು

ಹಬ್ಬ, ಮೆರವಣಿಗೆ ಹತ್ತಿರ ಬಂದಾಗ ಠಾಣೆಯಲ್ಲಿ ನಡೆಯುವುದು ‘ಶಾಂತಿ ಸಭೆ’: ಸಮಿತಿಯವರು, ಊರಿನ ಹಿರಿಯರು, ಪಂಚಾಯತಿನವರು ಸೇರಿ ಮೆರವಣಿಗೆಯ ದಾರಿ, ಧ್ವನಿವರ್ಧಕದ ಸಮಯ ಗೊತ್ತು ಮಾಡುತ್ತಾರೆ. ಜಗಳಕ್ಕೆ ಕಾರಣರಾಗಬಹುದು ಎನಿಸಿದವರಿಂದ ‘ಮುಚ್ಚಳಿಕೆ’ ಬರೆಸಿಕೊಳ್ಳುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿ, ತಾಲೂಕಿನಲ್ಲಾದರೆ ತಹಶೀಲ್ದಾರರು, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ ಅದನ್ನು ಪಡೆಯಬಹುದು. ಮೇಲೆ ಹೇಳಿದ ‘ತಡೆದು ನಿಲ್ಲಿಸಿದ’ 126 ನ್ಯಾಯ ಸಂಹಿತೆಯದು, ಇದು ಬೇರೆ ಪುಸ್ತಕದ 126. ಸುದ್ದಿಯಲ್ಲಿ ಸಂಖ್ಯೆಯಷ್ಟೇ ನೋಡಿ ಗಾಬರಿಯಾಗಬಾರದು.

‘ನಿಷೇಧಾಜ್ಞೆ’ ಹಿಂದೆ ‘144 ಸೆಕ್ಷನ್’. ಈಗ ಅದೇ ಸುರಕ್ಷಾ ಸಂಹಿತೆಯ ಕಲಂ 163. ಜನರ ಬಾಯಲ್ಲಿ ಇನ್ನೂ 144 ಉಳಿದಿದೆ. 2017ರ ಮಳೆಗಾಲದಲ್ಲಿ ಕಲ್ಲಡ್ಕದ ಗಲಭೆಯ ಬೆನ್ನಿಗೆ ಬಂಟ್ವಾಳ ತಾಲೂಕಿನವರಿಗೆ ಆ ಸಂಖ್ಯೆ ಬಾಯಿಪಾಠವಾಗಿತ್ತು. ಆಜ್ಞೆ ಒಂದು ಸಲಕ್ಕೆ ಎರಡು ತಿಂಗಳು ಮೀರುವಂತಿಲ್ಲ. ಗುಂಪು ಸೇರುವುದು, ಮೆರವಣಿಗೆ, ಆಯುಧ ಹಿಡಿದು ಓಡಾಡುವುದು ಸಾಮಾನ್ಯವಾಗಿ ನಿಷಿದ್ಧ. ಮದುವೆಗೆ, ಶವಸಂಸ್ಕಾರಕ್ಕೆ ವಿನಾಯಿತಿ ಇದೆಯೇ ಎಂಬುದು ಆದೇಶದ ಪ್ರತಿಯಲ್ಲೇ ಬರೆದಿರುತ್ತದೆ. ಮೀರಿದವರಿಗೆ ನ್ಯಾಯ ಸಂಹಿತೆಯ ಕಲಂ 223.

ನಿಷೇಧಾಜ್ಞೆ ಇದ್ದರೆ ಅಂಗಡಿಗೆ ಹೋಗಬಹುದು, ಗುಂಪು ಕಟ್ಟುವಂತಿಲ್ಲ. ‘ಕರ್ಫ್ಯೂ’ ಇದ್ದರೆ ಮನೆಯಿಂದ ಹೊರಬರುವಂತಿಲ್ಲ. ‘ಬಂದ್’ ಇದ್ದರೆ ಸರಕಾರದ ಆದೇಶವೇ ಇಲ್ಲ, ಕರೆ ಕೊಟ್ಟವರು ಯಾವುದೋ ಸಂಘಟನೆಯವರು. ಮೂರನ್ನೂ ‘ಎಲ್ಲ ಬಂದ್ ಅಂತೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಔಷಧ ತರಲು ಹೋಗಬಹುದಾಗಿದ್ದವರೂ ಮನೆಯಲ್ಲೇ ಕೂರುತ್ತಾರೆ.

ಆದೇಶ ಯಾರದು ಎಂಬುದೂ ಮುಖ್ಯ. ಗುರುವಾಯನಕೆರೆ ಇರುವ ಬೆಳ್ತಂಗಡಿ ತಾಲೂಕು ಪುತ್ತೂರು ಉಪವಿಭಾಗಕ್ಕೆ ಸೇರಿದ್ದು, ಬಂಟ್ವಾಳ ಮಂಗಳೂರು ಉಪವಿಭಾಗಕ್ಕೆ. ಎರಡೂ ಜಿಲ್ಲಾ ಪೊಲೀಸ್ ವ್ಯಾಪ್ತಿಯವು, ನಿಷೇಧಾಜ್ಞೆ ಬರುವುದು ಜಿಲ್ಲಾಧಿಕಾರಿ ಅಥವಾ ಉಪವಿಭಾಗದ ಸಹಾಯಕ ಆಯುಕ್ತರಿಂದ. ಮೂಡುಬಿದಿರೆ ಠಾಣೆಯೋ ಮಂಗಳೂರು ನಗರ ಪೊಲೀಸ್ ಕಮಿಷನರೇಟಿನದು, ಅಲ್ಲಿ ಕಮಿಷನರ್ ಆದೇಶ. ‘ಮಂಗಳೂರಿನಲ್ಲಿ ನಿಷೇಧಾಜ್ಞೆ’ ಎಂಬ ತಲೆಬರಹ ಕಮಿಷನರೇಟಿನ ಆದೇಶದ್ದಾದರೆ ವೇಣೂರು ದಾಟಿ ಮೂಡುಬಿದಿರೆಗೆ ಹೋಗುವವರಿಗೆ ತಾಗಬಹುದು, ಬೆಳ್ತಂಗಡಿ ಪೇಟೆಗೆ ಹೋಗುವವರಿಗೆ ತಾಗುವುದಿಲ್ಲ.

ಸಂದೇಶ ಬಂದಾಗ

“ಗಲಾಟೆಯಂತೆ” ಎಂಬುದರ ಕೊನೆಯ ‘ಅಂತೆ’, ತುಳುವಿನ ‘ಗೆ’, ತಾನು ಕಂಡದ್ದಲ್ಲ ಎಂದು ಹೇಳುವವರು ಕೊಡುವ ಎಚ್ಚರಿಕೆ. ವಾಟ್ಸ್ಆ್ಯಪಿನಲ್ಲಿ ಎರಡು ಗುಂಪು ದಾಟುವಷ್ಟರಲ್ಲಿ ಆ ಬಾಲ ಕಳಚಿ “ಗಲಾಟೆ ಆಗಿದೆ” ಎಂದಾಗುತ್ತದೆ, ಮೂರನೆಯದರಲ್ಲಿ “ಗಲಭೆ”. ಭಯ, ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ ಹರಡಿದರೆ ನ್ಯಾಯ ಸಂಹಿತೆಯ ಕಲಂ 353ರಡಿ ಮೂರು ವರ್ಷದವರೆಗೆ ಸಜೆ ಇದೆ. ಬಾಲ ಕಳಚಿದವರು ಯಾರೆಂದು ಹುಡುಕುವಾಗ ಫೋನುಗಳೇ ಸಾಕ್ಷಿ.

ಹಾಗಾಗಿ ಸುದ್ದಿ ಕೇಳಿದಾಗ ಮೂರು ಪ್ರಶ್ನೆ: ಯಾವ ಜಾಗ? ಎಷ್ಟು ಜನ? ಹೇಳಿದವರು ಕಂಡಿದ್ದಾರೆಯೇ? ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸುವ ಅಗತ್ಯವಿಲ್ಲ. ಕಣ್ಣೆದುರೇ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ ಇದೇ ಉತ್ತರಗಳನ್ನು ಹೇಳಿ. “ಬೇಗ ಬನ್ನಿ, ಗಲಾಟೆ” ಎಂದರೆ ಇಬ್ಬರು ಪೇದೆಗಳು ಸಾಕೋ, ವ್ಯಾನು ಬೇಕೋ ಅವರಿಗೆ ತಿಳಿಯುವುದಿಲ್ಲ.

ದೂರು ಬರೆಯಬೇಕಾದರೆ ದಿನಾಂಕ, ಹೊತ್ತು, ಜಾಗ, ಗುರುತು ಸಿಕ್ಕವರ ಹೆಸರು, ಯಾರು ಏನು ಮಾಡಿದರು ಎಂಬುದನ್ನು ನಡೆದ ಕ್ರಮದಲ್ಲಿ ಬರೆಯಿರಿ. ಪೆಟ್ಟಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಸಂಜ್ಞೇಯ ಅಪರಾಧವಾದರೆ ಮೂಡುಬಿದಿರೆಯಲ್ಲಿ ನಡೆದದ್ದಕ್ಕೂ ಬೆಳ್ತಂಗಡಿ ಠಾಣೆಯಲ್ಲಿ ದೂರು ಕೊಡಬಹುದು, ಅವರು ‘ಝೀರೋ ಎಫ್‌ಐಆರ್’ ಮಾಡಿ ಅತ್ತ ಕಳಿಸುತ್ತಾರೆ. ದೂರಿನಲ್ಲಿ ‘ಗಲಾಟೆ’ ಎಂದು ಬರೆಯಬಾರದೆಂದೇನಿಲ್ಲ. ಅಷ್ಟನ್ನೇ ಬರೆದು ಸಹಿ ಹಾಕಬಾರದು.